11 ಸಿಡಿ, ಒಂದು ತಾಳಮದ್ದಳೆ

ಮೊನ್ನೆ ಭಾನುವಾರ ಸಂಜೆ ಸಾಗರದಲ್ಲಿ ಸುಬ್ಬು ಮನೆ ಜಗಲಿ ಮೇಲೆ ಮಂಡಕ್ಕಿ ಮುಂದಿಟ್ಕೊಂಡು ಕೂತಿದ್ವಿ, ಶೀನ ಬಂದವನೇ ಒಂದು ಕವರ್ ತುಂಬಾ ಸಿಡಿ ಮಧ್ಯಕ್ಕೆ ಸುರಿದ. ಎಣಿಸಿದ್ರೆ 11.

"ಅಷ್ಟೂ ದಂಡ ಮಾರಾಯ" ಅಂದ.

ವಿಷಯ ಏನಪ್ಪಾ ಅಂದ್ರೆ ಅವನ ಅಪ್ಪಯ್ಯನ ಹಳೇ ಕಾರಿನ ಸ್ಟೀರಿಯೋ ಸಿಡಿ ಬಿಟ್ಟು ಬೇರೆ ಏನನ್ನೂ ಮೂಸಿ ನೋಡಲ್ಲ, ಯುಎಸ್‌ಬಿ ಇಲ್ಲ ಬ್ಲೂಟೂತ್ ಇಲ್ಲ, ಎಂಪಿ3 ಅನ್ನೋ ಹೆಸರೇ ಕೇಳಿಲ್ಲ ಅದು. ಹೊಸದು ಹಾಕ್ಸೋಣ ಅಂದ್ರೆ "ಕಾರಿನ ಜೊತೆ ಬಂದಿದ್ದು ಕಾರಿನ ಜೊತೆನೇ ಹೋಗ್ಲಿ" ಅಂತಾರಂತೆ. ಅವರಿಗೆ ಬೇಕಾಗಿರೋದು ಇಷ್ಟೇ, ತೋಟಕ್ಕೆ ಹೋಗಿ ಬರುವಾಗ ತಾಳಮದ್ದಳೆ, ಅಂದ್ರೆ ವೇಷ ಕುಣಿತ ಇಲ್ಲದೆ ಕೂತೇ ಆಡೋ ಯಕ್ಷಗಾನ.

"ಮೊದಲನೇದು ಹೆಂಗೆ ಮಾಡ್ದೆ?" ಅಂದ ಸುಬ್ಬು. ಇವನು ಒಂದು ಕಾಲದಲ್ಲಿ ಸಿಡಿ ರೈಟ್ ಮಾಡಿಕೊಡೋ ಅಂಗಡಿ ಇಟ್ಟಿದ್ದವನು, ಈ ವಿಷಯದಲ್ಲಿ ಪಂಡಿತ, ಇಪ್ಪತ್ತು ವರ್ಷದಿಂದ ಯಾರೂ ಕೇಳದೇ ಇದ್ದ ಪಂಡಿತ.

"ಎಂತ ಮಾಡೋದು, ಕಾಪಿ ಮಾಡಿ ಪೇಸ್ಟ್ ಮಾಡ್ದೆ. ಲ್ಯಾಪ್‌ಟಾಪಲ್ಲಿ ಚೆನ್ನಾಗೇ ಹಾಡ್ತು. ಕಾರಲ್ಲಿ ಎರರ್."

"ಅದು ಡೇಟಾ ಸಿಡಿ ಆಯ್ತಲ್ಲೋ, ಬರೀ ಫೈಲು ತುಂಬಿದ್ದು. ಆ ಕಾರಿಗೆ ಆಡಿಯೋ ಸಿಡಿನೇ ಆಗ್ಬೇಕು, ಸಾಫ್ಟ್‌ವೇರಲ್ಲಿ ಅದನ್ನೇ ಆರಿಸ್ಬೇಕು. ಫಿಲಿಪ್ಸು ಸೋನಿ ಸೇರಿ 1980ರಲ್ಲಿ ರೆಡ್ ಬುಕ್ ಅಂತ ಒಂದು ಕಟ್ಟುಪಾಡು ಮಾಡಿದ್ರು..."

"ರೆಡ್ ಬುಕ್ಕಾ? ಮಾವೋದಾ?" ಕಾಲೇಜಲ್ಲಿ ಬಾವುಟ ಹಿಡ್ದಿದ್ದ ಗಣಪನ ಕಿವಿ ನೆಟ್ಟಗಾಯ್ತು.

"ಮಾವೋದೂ ಅಲ್ಲ, ನಿನ್ ಮಾವಂದೂ ಅಲ್ಲ, ಸುಮ್ನೆ ಕೂತ್ಕೋ. ದನೀನ ಸೆಕೆಂಡಿಗೆ 44,100 ಸಲ ಅಳೀಬೇಕು, ಒಂದೊಂದು ಅಳತೆನೂ 16 ಬಿಟ್‌ದು, ಎಡಕ್ಕೊಂದು ಬಲಕ್ಕೊಂದು ಅಂತ ಎರಡು ಚಾನೆಲ್ಲು, ಅದು ಬಿಟ್ಟು ಬೇರೆ ಭಾಷೆ ಆ ಪ್ಲೇಯರಿಗೆ ಬರಲ್ಲ."

ಶೀನಂಗೆ ಇದ್ಯಾವುದೂ ತಲೆಗೆ ಹೋಗ್ಲಿಲ್ಲ, ಅವನ ಸಿಟ್ಟೇ ಬೇರೆ. "ಅದಿರ್ಲಿ, ಸಿಡಿ ಮೇಲೆ 700 ಎಂಬಿ ಅಂತ ಬರ್ದಿದಾರೆ, ನನ್ ಫೈಲು ಬರೀ 190 ಎಂಬಿ, ಆಡಿಯೋ ಸಿಡಿ ಅಂತ ಕೊಟ್ರೆ ಜಾಗ ಸಾಲಲ್ಲ ಅನ್ನುತ್ತೆ. ಇದು ಮೋಸ ಅಲ್ವೇನೋ?"

"ಎಂಪಿ3 ಅಂದ್ರೆ ಒಣಗಿಸಿದ ಹಪ್ಪಳ ಕಣೋ. ಡಬ್ಬದಲ್ಲಿ ಐವತ್ತು ಹಿಡಿಯುತ್ತೆ, ಕರಿದ್ಮೇಲೆ ಹತ್ತೂ ಹಿಡಿಯಲ್ಲ. ಒಳಗೆ ನಿಮಿಷಕ್ಕೆ 1 ಎಂಬಿ ಇದ್ದಿದ್ದು ಆಡಿಯೋ ಸಿಡಿಗೆ ಬಿಚ್ಚಿಕೊಂಡಾಗ 10 ಎಂಬಿ ಆಗುತ್ತೆ. ಅದಕ್ಕೇ ಇಲ್ಲಿ ಎಂಬಿ ಲೆಕ್ಕ ಬಿಡು, ನಿಮಿಷದ ಲೆಕ್ಕ ಹಿಡಿ. ಒಂದು ಸಿಡಿಗೆ 80 ನಿಮಿಷ ಅಂದ್ರೆ 80. ನಿಂದು ಎಷ್ಟುದ್ದ?"

"3 ಗಂಟೆ 20 ನಿಮಿಷ."

"3 ಸಿಡಿ ಆಗುತ್ತೆ, ನೀನು 11 ಕೊಂದಿದೀಯ."

ಆಮೇಲೆ ಒಂದೊಂದೇ ಎತ್ತಿ ಪೋಸ್ಟ್‌ಮಾರ್ಟಂ ಶುರುವಾಯ್ತು. ಮೂರು ಸಿಡಿ 52 ಎಕ್ಸ್, ಅಂದ್ರೆ ಮಾಮೂಲಿ ಹಾಡೋ ವೇಗದ 52 ಪಟ್ಟು ಸ್ಪೀಡಲ್ಲಿ ರೈಟ್ ಮಾಡಿದ್ದಂತೆ, ಕವರ್ ಮೇಲೆ ಬರ್ದಿದೆಯಲ್ಲ ಅಂತ, ಶುರುವಿಗೆಲ್ಲಾ ಸರಿ ಕೊನೆ ಕೊನೆಗೆ ಪದ್ಯ ಹಾಡೋ ಭಾಗವತರಿಗೆ ಬಿಕ್ಕಳಿಕೆ. ಸಿಡಿ ಒಳಗಿಂದ ಹೊರಗೆ ಬರ್ಕೊಂಡು ಹೋಗುತ್ತೆ, ಅಗ್ಗದ ಮಾಲಾದ್ರೆ ಅಂಚಿಗೆ ಹೋಗೋಷ್ಟರಲ್ಲಿ ತಡಬಡಾಯಿಸುತ್ತೆ, 16ಕ್ಕೆ ಇಡು ಅಂದ ಸುಬ್ಬು, ಅಂದು ತನ್ನ ಅಂಗಡಿ ಕಾಲಕ್ಕೆ ಜಾರಿದ: ಆಗಿನ ಡ್ರೈವಿಗೆ ಡೇಟಾ ಬರೋದು ಒಂದು ಕ್ಷಣ ತಡ ಆದ್ರೂ ಸಿಡಿ ಹಾಳು, ರೈಟ್ ಆಗ್ತಿರುವಾಗ ಯಾರಾದ್ರೂ ಮೌಸ್ ಮುಟ್ಟಿದ್ರೆ ಕೈ ಕಡಿಯೋಕೆ ಹೋಗ್ತಿದ್ನಂತೆ. ಕಡಿದ್ರೂ ಕಡಿದಾನು ಬಿಡಿ.

ಇನ್ನೊಂದು ಸಿಡಿ ಆರ್‌ಡಬ್ಲ್ಯೂ. "ಅಳಿಸಿ ಅಳಿಸಿ ಬರೀಬಹುದು, ಉಳಿತಾಯ ಅಂತ ತಂದೆ" ಅಂದ ಶೀನ. ಅದು ಪ್ಲೇಯರಿನ ಲೇಸರ್ ಬೆಳಕನ್ನ ಕಮ್ಮಿ ವಾಪಸ್ ಕೊಡುತ್ತೆ, ಎಷ್ಟೋ ಹಳೇ ಪ್ಲೇಯರಿಗೆ ಕಾಣೋದೇ ಇಲ್ಲ. "ನಿನ್ ಅಪ್ಪಯ್ಯಂಗೆ ಪೊರೆ ಆಪರೇಷನ್ ಮಾಡಿಸ್ದ್ಯಲ್ಲ, ಸ್ಟೀರಿಯೋಗೂ ಒಂದು ಮಾಡ್ಸು" ಅಂದ ಗಣಪ.

ಮತ್ತೊಂದರ ಮೇಲೆ ಅಪ್ಪಯ್ಯನೇ ಬಾಲ್ ಪೆನ್ನಲ್ಲಿ ಒತ್ತಿ ಒತ್ತಿ "ಭಾಗ 1" ಅಂತ ಬರೆದಿದ್ರು, ಪಟ್ಟೆ ಪುಸ್ತಕಕ್ಕೆ ಬರೆಯೋ ಹಂಗೆ. ಹೊಳೆಯೋ ಪದರ ಇರೋದು ಮೇಲ್ಗಡೆ ಆ ಲೇಬಲ್ಲಿನ ಕೆಳಗೇ, ಅದಕ್ಕೇ ಗೀರು ಬಿದ್ದಿತ್ತು.

ವಾಟ್ಸಾಪಲ್ಲಿ ಯಾರೋ ಕಳ್ಸಿದ್ದ ಪದ್ಯದ ವಾಯ್ಸ್ ಮೆಸೇಜನ್ನೂ ಸೇರಿಸೋಕೆ ಹೋಗಿದ್ದ, ಅದು ಓಪಸ್ ಅನ್ನೋ ಬೇರೆ ನಮೂನೆ ಫೈಲು, ಸಾಫ್ಟ್‌ವೇರು ತಗೊಳ್ಲಿಲ್ಲ, ಇವನು ಹೆಸರಿನ ಬಾಲ ತೆಗೆದು ಎಂಪಿ3 ಅಂತ ಟೈಪ್ ಮಾಡಿದ್ನಂತೆ. ಹಾಗಲಕಾಯಿ ಬುಟ್ಟಿಗೆ ಸೌತೆಕಾಯಿ ಅಂತ ಚೀಟಿ ಅಂಟಿಸಿದ್ರೆ ಕಹಿ ಹೋಗುತ್ತಾ? ಕನ್ವರ್ಟ್ ಮಾಡ್ಬೇಕು.

ಎಲ್ಲಕ್ಕಿಂತ ದೊಡ್ಡ ರಗಳೆ ಮಾತ್ರ ಎರಡು ಸೆಕೆಂಡಿಂದು. ಹಿಂದೆ ಮುಂದೆ ಹೋಗೋಕೆ ಸುಲಭ ಆಗ್ಲಿ ಅಂತ ಶೀನ ಫೈಲನ್ನ ಹತ್ತು ಹತ್ತು ನಿಮಿಷಕ್ಕೆ ತುಂಡು ಮಾಡಿದ್ದ, ಸಾಫ್ಟ್‌ವೇರು ತುಂಡು ತುಂಡಿನ ಮಧ್ಯ ಎರಡು ಸೆಕೆಂಡು ಖಾಲಿ ಬಿಟ್ಟಿತ್ತು, ಭಾಗವತರು ರಾಗ ಎಳೀತಾ ಎಳೀತಾ ಗಪ್ ಅಂತ ನಿಂತಾಗ ಅಪ್ಪಯ್ಯ ಗಾಬರಿಯಾಗಿ ಬ್ರೇಕ್ ಹಾಕಿದ್ರಂತೆ, ಹಿಂದೆ ಬರ್ತಿದ್ದ ಹಾಲಿನ ವ್ಯಾನಿನವನು ಏನೇನೋ ಬೈದ್ನಂತೆ.

"ಡಿಸ್ಕ್ ಅಟ್ ಒನ್ಸ್ ಅಂತ ಇರುತ್ತೆ, ಇಡೀ ಸಿಡಿನ ಒಂದೇ ಉಸಿರಲ್ಲಿ ಬರೆಯೋದು, ಅದನ್ನ ಆರಿಸಿ ಗ್ಯಾಪ್ ಸೊನ್ನೆ ಮಾಡು, ಕೊನೇಲಿ ಫೈನಲೈಸ್, ಅಂದ್ರೆ ಬರೆದು ಮುಗೀತು ಅಂತ ಮುದ್ರೆ ಒತ್ತೋದು, ಮರೀಬೇಡ" ಅಂದ ಸುಬ್ಬು, ಅಂದು ತಡೀಲಾರದೆ ತಾನೇ ಎದ್ದು ರೈಟ್ ಮಾಡೋಕೆ ಕೂತ. ಮಂಡಕ್ಕಿ ಖಾಲಿ ಆಗೋ ಹೊತ್ತಿಗೆ ಮೂರು ಸಿಡಿ ರೆಡಿ. ದಂಡವಾದ 11ನ್ನ ಅಪ್ಪಯ್ಯ ಬಿಸಾಕೋಕೆ ಬಿಡ್ಲಿಲ್ಲ, ದಾರ ಕಟ್ಟಿ ಗದ್ದೆಯಲ್ಲಿ ಹಕ್ಕಿ ಹೆದರಿಸೋಕೆ ನೇತು ಹಾಕಿದಾರೆ, ಅಲ್ಲಿ ಒಂದೂ ಎರರ್ ಬಂದಿಲ್ವಂತೆ.

ನಿನ್ನೆ ಶೀನ ಫೋನ್ ಮಾಡಿದ್ದ. ಸುಬ್ಬು ಸರಿಯಾಗಿ 80 ನಿಮಿಷಕ್ಕೆ ಕತ್ತರಿಸಿದಾನಲ್ಲ, ಮೊದಲನೇ ಸಿಡಿ ಮುಗಿಯೋದು ಕೌರವ ಕೃಷ್ಣನ ಮೇಲೆ ಏರಿ ಹೋಗಿ "ಹಾಗಾದರೆ ನೀನು ಬಂದದ್ದು..." ಅನ್ನೋ ಕಡೆ. ಅಪ್ಪಯ್ಯ ಬಸ್ ಸ್ಟಾಪ್ ಹತ್ರ ಕಾರು ನಿಲ್ಸಿ ಎರಡನೇ ಸಿಡಿ ಹುಡುಕ್ತಾ ಹುಡುಕ್ತಾ, ಅರ್ಥ, ಅಂದ್ರೆ ಪಾತ್ರದ ಮಾತು, ಅರ್ಧಕ್ಕೆ ನಿಲ್ಬಾರದು ಅಂತ, ಕೃಷ್ಣನ ಉತ್ತರ ತಾವೇ ಶುರು ಮಾಡಿದಾರೆ, ಕಿಟಕಿ ಇಳಿಸಿಕೊಂಡು, ಎತ್ತರದ ದನಿಯಲ್ಲಿ. ಬಸ್ಸಿಗೆ ಕಾಯ್ತಿದ್ದೋರು ಯಾರೋ ಓಡಿ ಬಂದು "ಭಟ್ರೇ, ಜಗಳ ಬೇಡ, ಒಳಗೆ ಯಾರಿದಾರೆ?" ಅಂತ ಬಗ್ಗಿ ನೋಡಿದ್ರಂತೆ.