ಪ್ರಶ್ನೋತ್ತರ: ನಿಮ್ಮ ಬಡಾವಣೆಯ ಯುಜಿಡಿ (ಒಳಚರಂಡಿ) ಮತ್ತು ಮಹಾಯೋಜನೆ (ಮಾಸ್ಟರ್ ಪ್ಲಾನ್) ನಕ್ಷೆ

ನಿರ್ವಾಹಕರು: ಒಳಚರಂಡಿ ಮತ್ತು ನಗರ ಯೋಜನೆ ಎರಡರಲ್ಲೂ ಕೆಲಸ ಮಾಡಿದ ಇಂಜಿನಿಯರ್ ಇವತ್ತು ನಮ್ಮ ಮೈಸೂರಿನ ಗುಂಪಿನಲ್ಲಿದ್ದಾರೆ. ಹೆಸರು ಬೇಡ, ಬಡಾವಣೆ ಹಾಕಿ ಕೇಳಿ.

ಹೂಟಗಳ್ಳಿ: ಸರ್, ನಮ್ಮದು ಬಿ ಖಾತಾ (ಪೂರ್ತಿ ಅನುಮೋದನೆ ಇಲ್ಲದ) ಸೈಟು. ಯುಜಿಡಿ ಕನೆಕ್ಷನ್ ಸಿಗುತ್ತಾ?

ಇಂಜಿನಿಯರ್: ಮೊದಲು ನಿಮ್ಮ ರಸ್ತೆಯಲ್ಲಿ ಪೈಪ್ ಇದೆಯಾ, ಅದು ಮುಂದೆ ಟ್ರಂಕ್ ಲೈನಿಗೆ, ಅಂದರೆ ದೊಡ್ಡ ಮುಖ್ಯ ಪೈಪಿಗೆ, ಸೇರಿದೆಯಾ ನೋಡಿ. ಸ್ಥಳೀಯ ಸಂಸ್ಥೆಯಲ್ಲಿ ಲಿಖಿತವಾಗಿ ಕೇಳಿ. ಎಷ್ಟೋ ಬಡಾವಣೆಗಳಲ್ಲಿ ಪೈಪ್ ಇರುತ್ತದೆ, ಅದರ ಬಾಯಿ ಮಾತ್ರ ರಾಜಕಾಲುವೆಗೆ (ಮಳೆನೀರಿನ ದೊಡ್ಡ ಕಾಲುವೆಗೆ) ತೆರೆದಿರುತ್ತದೆ.

ಕುವೆಂಪುನಗರ: ಜೋರು ಮಳೆ ಬಂದರೆ ಮನೆ ಮುಂದೆ ಮ್ಯಾನ್‌ಹೋಲ್ ಉಕ್ಕುತ್ತದೆ. ಮೊದಲು ಹೀಗಿರಲಿಲ್ಲ.

ಇಂಜಿನಿಯರ್: ತಾರಸಿಯ ಮಳೆನೀರನ್ನು ಯುಜಿಡಿಗೆ ಬಿಟ್ಟಿರುತ್ತಾರೆ. ಅದು ಒಂದು ಕಾರಣ. ಇನ್ನೊಂದು, ಒಂದು ಸಂಸಾರ ಇದ್ದ ಜಾಗದಲ್ಲಿ ಈಗ ನಾಲ್ಕು ಮಹಡಿ, ಪಿಜಿ. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ. 80 ಕೊಳಚೆಯಾಗಿ ವಾಪಸ್ ಬರುತ್ತದೆ ಅಂತ ಲೆಕ್ಕ. ಐದು ಜನರಿಗೆ 540 ಲೀಟರ್. ನಲವತ್ತು ಜನರ ಪಿಜಿಗೆ 4320. ಪೈಪ್ ಮಾತ್ರ ಹಳೆಯದೇ. ಭೂ ಬಳಕೆ ಬದಲಾವಣೆಗೆ ಸಹಿ ಬೀಳುವಾಗ ಪೈಪಿನ ಲೆಕ್ಕವೂ ಅದೇ ಮೇಜಿನ ಮೇಲೆ ಇರಬೇಕು. ಇದನ್ನು ನಾನು ಹೋದಲ್ಲೆಲ್ಲ ಹೇಳುತ್ತಿದ್ದೇನೆ.

ರಾಮಕೃಷ್ಣನಗರ: ಮಳೆನೀರು ಯುಜಿಡಿಗೆ ಬಿಟ್ಟರೆ ಏನು ತಪ್ಪು? ನಮ್ಮ ಬೀದಿಯಲ್ಲಿ ಎಲ್ಲರೂ ಬಿಟ್ಟಿದ್ದಾರೆ.

ಕುವೆಂಪುನಗರ: ಅದೇ ನೀರು ನಮ್ಮ ಬಚ್ಚಲಲ್ಲಿ ಮೇಲೆ ಬರುತ್ತದೆ ಸ್ವಾಮಿ!

ಬೋಗಾದಿ: ಸರ್, ನಮ್ಮ ಲೇಔಟ್‌ಗೆ ಯುಜಿಡಿ ಇಲ್ಲ, ಕಾವೇರಿ ನೀರೂ ಬಂದಿಲ್ಲ. ಪಕ್ಕದ ಮನೆಯ ಶೌಚದ ಇಂಗುಗುಂಡಿ ನಮ್ಮ ಬೋರಿಗೆ ಹತ್ತು ಅಡಿ ದೂರದಲ್ಲಿದೆ. ಎರಡು ತಿಂಗಳಿಂದ ನೀರಿಗೆ ವಾಸನೆ. ಕುದಿಸಿ ಕುಡಿಯುತ್ತಿದ್ದೇವೆ. ಮನೆಯಲ್ಲಿ ಮೂರು ತಿಂಗಳ ಮಗು ಇದೆ, ಅದೇ ನೀರಿನಲ್ಲಿ ಪುಡಿ ಹಾಲು ಕಲಸುತ್ತೇವೆ. ಏನಾದರೂ ತೊಂದರೆ ಇದೆಯಾ?

ಇಂಜಿನಿಯರ್: ಇದೆ. ಮಗುವಿಗೆ ಆ ನೀರು ಈಗಲೇ ನಿಲ್ಲಿಸಿ. ಉಳಿದದ್ದು ಆಮೇಲೆ ಓದಿ.

ಕುದಿಸಿದರೆ ರೋಗಾಣು ಸಾಯುತ್ತದೆ, ಸರಿ. ಆದರೆ ಮಲದ ನೀರಿನಿಂದ ನೈಟ್ರೇಟ್ ಎಂಬ ಲವಣ ಕೂಡ ಬರುತ್ತದೆ. ಅದು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ನೈಟ್ರೇಟ್ ಅಷ್ಟೇ ಉಳಿಯುತ್ತದೆ, ಅಂದರೆ ಇನ್ನೂ ಗಟ್ಟಿಯಾಗುತ್ತದೆ. ಆರು ತಿಂಗಳೊಳಗಿನ ಮಗುವಿನ ರಕ್ತ ಇದರಿಂದ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಳ್ಳಬಹುದು. ತುಟಿ, ಉಗುರು ನೀಲಿಯಾದರೆ, ಮಗು ಸುಸ್ತಾಗಿ ಮಂಕಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಬೋರ್ ನೀರು ಕೊಟ್ಟಿದ್ದನ್ನು ಡಾಕ್ಟರಿಗೆ ಹೇಳಿ.

ನೀರನ್ನು ಲ್ಯಾಬಿಗೆ ಕೊಡಿ. ನೈಟ್ರೇಟ್ ಮತ್ತು ಇ-ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಎರಡೂ ಬರೆಸಿ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. 100 ಮಿಲಿಲೀಟರ್‌ನಲ್ಲಿ ಇ-ಕೋಲಿ ಒಂದೂ ಇರಬಾರದು. ಇಂಗುಗುಂಡಿ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್ ದೂರ ಇರಬೇಕು. ನಿಮ್ಮದು ಮೂರು ಮೀಟರ್! ವರದಿ ಬಂದ ಮೇಲೆ ಅದನ್ನು ಲಗತ್ತಿಸಿ ಸ್ಥಳೀಯ ಸಂಸ್ಥೆಗೆ ದೂರು ಕೊಡಿ. ಅಲ್ಲಿಯವರೆಗೆ ಟ್ಯಾಂಕರ್ ನೀರನ್ನೂ ಪರೀಕ್ಷೆ ಮಾಡಿಸದೆ ಮಗುವಿಗೆ ಕೊಡಬೇಡಿ, ಅದೂ ಬೋರಿನದ್ದೇ ಇರಬಹುದು.

ರಾಮಕೃಷ್ಣನಗರ: ತಾಮ್ರದ ಬಿಂದಿಗೆಯಲ್ಲಿ ರಾತ್ರಿ ಇಟ್ಟರೆ ಎಲ್ಲ ಶುದ್ಧವಾಗುತ್ತದೆ, ನನಗೆ ಫಾರ್ವರ್ಡ್ ಬಂದಿದೆ.

ಜೆ.ಪಿ. ನಗರ: ನುಗ್ಗೆ ಬೀಜದ ಪುಡಿ ಹಾಕಿ.

ಇಂಜಿನಿಯರ್: ನುಗ್ಗೆ ಬೀಜ ರಾಡಿ ಕೆಳಗಿಳಿಸುತ್ತದೆ. ನೈಟ್ರೇಟ್ ತೆಗೆಯಲು ತಾಮ್ರವೂ ಆಗುವುದಿಲ್ಲ, ನುಗ್ಗೆಯೂ ಆಗುವುದಿಲ್ಲ. ಮೂರು ತಿಂಗಳ ಮಗುವಿನ ವಿಷಯ ಇದು. ದಯವಿಟ್ಟು ಫಾರ್ವರ್ಡ್ ಇಲ್ಲಿ ಹಾಕಬೇಡಿ.

ವಿಜಯನಗರ: ಬಿ ಖಾತಾಗೆ ಕನೆಕ್ಷನ್ ಸಿಗುತ್ತಾ ಸರ್?

ಇಂಜಿನಿಯರ್: ಮೇಲೆ ಓದಿ.

ರಾಮಕೃಷ್ಣನಗರ: ಕಡಿಮೆ ರೇಟು ಅಂತ ರೆವಿನ್ಯೂ ಸೈಟು (ಅನುಮೋದನೆ ಇಲ್ಲದೆ ಹೊಲದಲ್ಲಿ ಮಾಡಿದ ಸೈಟು) ತಗೊಂಡವರು ಈಗ ನಮ್ಮ ತೆರಿಗೆಯಲ್ಲಿ ಯುಜಿಡಿ ಕೇಳುತ್ತಾರೆ.

ಬೋಗಾದಿ: ನಾವೂ ತೆರಿಗೆ ಕಟ್ಟುತ್ತೇವೆ. ನಿಮ್ಮ ಮನೆ ಕೊಳಚೆ ಎಲ್ಲಿಗೆ ಹೋಗುತ್ತದೆ ಗೊತ್ತಾ? ವಿದ್ಯಾರಣ್ಯಪುರಂ ಕಡೆಯವರನ್ನು ಕೇಳಿ ನೋಡಿ.

ರಾಮಕೃಷ್ಣನಗರ: ಲೇಔಟ್ ಮಾಡಿದವನನ್ನು ಹೋಗಿ ಕೇಳಿ, ನಮ್ಮನ್ನಲ್ಲ.

ಇಂಜಿನಿಯರ್: ಇಬ್ಬರೂ ನಿಲ್ಲಿಸಿ. ಕೊಳಚೆ ಇಳಿಜಾರು ನೋಡಿಕೊಂಡು ಹರಿಯುತ್ತದೆ, ಖಾತಾ ನೋಡಿಕೊಂಡಲ್ಲ. ಮೈಸೂರಿನ ಉತ್ತರದ ಇಳಿಜಾರು ಕೆಸರೆಯ ಕೊಳಚೆ ಶುದ್ಧೀಕರಣ ಘಟಕದ ಕಡೆಗೆ, ಮುಂದೆ ಕಾವೇರಿಗೆ. ದಕ್ಷಿಣದ ನೀರು ವಿದ್ಯಾರಣ್ಯಪುರಂ, ರಾಯನಕೆರೆ ಘಟಕಗಳ ಕಡೆಗೆ, ಮುಂದೆ ಕಬಿನಿಗೆ. ಪೈಪ್‌ಗೆ ಸೇರದೆ ತಪ್ಪಿಸಿಕೊಂಡದ್ದು ಕೆರೆಗಳಿಗೆ ಬೀಳುತ್ತದೆ. ದಳವಾಯಿ ಕೆರೆ ನೋಡಿದ್ದೀರಲ್ಲ.



ಶ್ರೀರಾಂಪುರ: ಸೆಪ್ಟಿಕ್ ಟ್ಯಾಂಕ್ ತುಂಬಿದೆ. ಸಕ್ಕಿಂಗ್ ಲಾರಿ ನಮ್ಮ ಓಣಿಗೆ ಬರುವುದಿಲ್ಲ. ಇಳಿದು ತೆಗೆಯಲು ಒಬ್ಬರು ಒಪ್ಪಿದ್ದಾರೆ. ಮೊದಲು ದೀಪ ಇಳಿಸಿ ನೋಡಿ, ಆರದಿದ್ದರೆ ಇಳಿಯಬಹುದು ಅಂತ ವಾಟ್ಸಾಪಿನಲ್ಲಿ ಬಂದಿತ್ತು.

ಇಂಜಿನಿಯರ್: ಯಾರನ್ನೂ ಇಳಿಸಬೇಡಿ! ಒಳಗೆ ಮೀಥೇನ್ ಇದ್ದರೆ ದೀಪವೇ ಸ್ಫೋಟ ಮಾಡಿಸುತ್ತದೆ. ಹೈಡ್ರೋಜನ್ ಸಲ್ಫೈಡ್ ಇದ್ದರೆ ದೀಪ ಉರಿಯುತ್ತಲೇ ಇರುತ್ತದೆ, ಮನುಷ್ಯ ಸಾಯುತ್ತಾನೆ. ಎತ್ತಲು ಹೋದ ಎರಡನೆಯವನೂ ಸಾಯುತ್ತಾನೆ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಇಳಿಸಿದವರಿಗೆ ಜೈಲು ಆಗಬಹುದು. ಉದ್ದ ಪೈಪ್ ಇರುವ ಸಕ್ಕಿಂಗ್ ಗಾಡಿ ಕೇಳಿ. ದುಡ್ಡು ಜಾಸ್ತಿ ಆಗಲಿ.

ಶ್ರೀರಾಂಪುರ: ಹಾಗಾದರೆ ಬೆಲ್ಲ, ಈಸ್ಟ್ ಹಾಕಿದರೆ ಕರಗುತ್ತದಂತೆ?

ಇಂಜಿನಿಯರ್: ಕರಗುವುದಿಲ್ಲ. ತಳದ ಹೂಳು ಹೊರಗೆ ತೆಗೆಯಲೇಬೇಕು, ಎರಡು ಮೂರು ವರ್ಷಕ್ಕೊಮ್ಮೆ.

ರಮ್ಮನಹಳ್ಳಿ: ಮಹಾಯೋಜನೆ ನಕ್ಷೆ ಪರಿಷ್ಕರಣೆಗೆ ಆಕ್ಷೇಪಣೆ ಕೊಟ್ಟರೆ ಪ್ರಯೋಜನ ಇದೆಯಾ?

ಇಂಜಿನಿಯರ್: ಇದೆ, ಸರಿಯಾಗಿ ಬರೆದರೆ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಹತ್ತು ವರ್ಷಕ್ಕೊಮ್ಮೆಯಾದರೂ ಮಹಾಯೋಜನೆ ಪರಿಷ್ಕರಿಸಬೇಕು. ಕರಡು ಪ್ರಕಟವಾದ ಮೇಲೆ ಆಕ್ಷೇಪಣೆಗೆ 60 ದಿನ ನಿಮ್ಮದು. ಸರ್ವೆ ನಂಬರ್ ಹಾಕಿ. ರಾಜಕಾಲುವೆ, ಪಂಪಿಂಗ್ ಸ್ಟೇಷನ್‌ಗೆ ಬಿಟ್ಟ ಜಾಗ, ಟ್ರಂಕ್ ಲೈನಿನ ದಾರಿ ನಕ್ಷೆಯಲ್ಲಿ ಉಳಿದಿದೆಯಾ ನೋಡಿ. ನಕ್ಷೆಯಲ್ಲಿ ಹಳದಿ (ವಸತಿ ಬಣ್ಣ) ಬಳಿದು ಮನೆ ಕಟ್ಟಿದ ಮೇಲೆ ಪೈಪಿಗೆ ಜಾಗ ಸಿಗುವುದಿಲ್ಲ. "ನಮಗೆ ಅನ್ಯಾಯವಾಗಿದೆ" ಅಂತ ಸುಮ್ನೆ ಬರೆದರೆ ಫೈಲಿಗೆ ಸೇರುತ್ತದೆ, ಅಷ್ಟೇ.

ರಾಮಕೃಷ್ಣನಗರ: ಎಲ್ಲ ದುಡ್ಡಿದ್ದವರ ಪರ ಸರ್. ಬರೆದು ಏನು?

ಬೋಗಾದಿ: ಈಗ ನೀವೇ ಹೇಳಿದಿರಿ ನಮ್ಮದೇ ತಪ್ಪು ಅಂತ.

ಇಂಜಿನಿಯರ್: ಬೋಗಾದಿಯವರೇ, ಜಗಳ ಬಿಡಿ. ಮಗುವಿನ ತುಟಿ, ಉಗುರು ನೋಡಿದಿರಾ? ಅದಕ್ಕೆ ಉತ್ತರ ಕೊಡಿ ಮೊದಲು.

ಬೋಗಾದಿ: ನೋಡಿದೆವು ಸರ್, ಸರಿ ಇದೆ. ನೀರು ನಿಲ್ಲಿಸಿದ್ದೇವೆ. ಸ್ಯಾಂಪಲ್ ನಾಳೆ ಕೊಡುತ್ತೇವೆ.

ಇಂಜಿನಿಯರ್: ಬಾಟಲಿ ಲ್ಯಾಬಿನವರಿಂದಲೇ ತಗೊಳ್ಳಿ. ಹಳೆ ಕೋಲಾ ಬಾಟಲಿಯಲ್ಲಿ ತಂದರೆ ಇ-ಕೋಲಿ ಲೆಕ್ಕ ನಂಬುವ ಹಾಗಿರುವುದಿಲ್ಲ.