ಆಕ್ಟೇವಿಯಾ ಆರ್‌ಎಸ್ 1.8 ಟರ್ಬೊ: 5500 ದಾಟಿದರೆ ಮುಗ್ಗರಿಸುತ್ತದೆ, ಕ್ಯಾಮ್ ಬದಲಿಸಬೇಕಾ?

ಪ್ರಶ್ನೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನನ್ನದು 2006ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 20 ವಾಲ್ವ್ ಎಂಜಿನ್. ಟರ್ಬೊ ಕಂಪನಿಯದ್ದೇ. ರೀಮ್ಯಾಪ್ ಆಗಿದೆ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿದೆ), ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, 1.1 ಬಾರ್ ತನಕ ಹೋಗುತ್ತದೆ. 3000ದಿಂದ 5000 ಆರ್‌ಪಿಎಂ ತನಕ ಚೆನ್ನಾಗಿ ಎಳೆಯುತ್ತದೆ. 5500 ದಾಟಿತು ಅಂದ್ರೆ ಪಟಪಟ ಅಂತ ಮುಗ್ಗರಿಸಿ ಎಳೆತವೇ ಹೋಗಿಬಿಡುತ್ತದೆ. ಐಡ್ಲಿಂಗ್ ಸರಿಯಿದೆ. ಆ ಹೊತ್ತಿಗೆ ಚೆಕ್ ಎಂಜಿನ್ ಲೈಟ್ ಮಿಣುಕುತ್ತದೆ.

ಇಲ್ಲಿ ತೋರಿಸಿದಾಗ "ವಾಲ್ವ್ ಫ್ಲೋಟ್ ಆಗ್ತಿದೆ, 272 ಡಿಗ್ರಿ ಕ್ಯಾಮ್ ಮತ್ತು ಡಬಲ್ ಸ್ಪ್ರಿಂಗ್ ಹಾಕಿಸಿ" ಅಂದರು. ಅಂದರೆ ಸ್ಪ್ರಿಂಗ್ ಸಾಲದೆ ವಾಲ್ವ್ ಹೊತ್ತಿಗೆ ಸರಿಯಾಗಿ ಮುಚ್ಚುತ್ತಿಲ್ಲವಂತೆ, ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟನ್ನೇ ಬದಲಿಸಬೇಕಂತೆ. ಹೈದರಾಬಾದಿನಲ್ಲಿ ಬಳಸಿದ ಸೆಟ್ ಒಂದು ಸಿಗುತ್ತಿದೆ. ಮುಂದೆ ದೊಡ್ಡ ಟರ್ಬೊ ಹಾಕುವ ಆಸೆಯೂ ಇದೆ. ಈಗಲೇ ಕ್ಯಾಮ್ ತೆಗೆದುಕೊಳ್ಳಲಾ?

ಉತ್ತರ (ಬೀದರ್)

ಸದ್ಯಕ್ಕೆ ಆ ಸೆಟ್‌ಗೆ ಅಡ್ವಾನ್ಸ್ ಕೊಡಬೇಡಿ. ಲೈಟ್ ಮಿಣುಕುವುದು ಮಿಸ್‌ಫೈರ್‌ನ ಗುರುತು, ಅಂದರೆ ಯಾವುದೋ ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ವಾಲ್ವ್ ಫ್ಲೋಟ್‌ನಿಂದಲೂ ಮಿಸ್‌ಫೈರ್ ಆಗಬಹುದು, ನಿಜ. ಆದರೆ ಈ ಎಂಜಿನ್‌ನಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಇಗ್ನಿಷನ್ ಕಾಯಿಲ್ (ಸ್ಪಾರ್ಕ್ ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ಮೇಲೆ. ಈ 1.8 ಟರ್ಬೊಗಳ ಕಾಯಿಲ್‌ಗಳು ಕೈಕೊಡುವುದು ಹೊಸದೇನಲ್ಲ. ಬೂಸ್ಟ್ ಹೆಚ್ಚಿದಷ್ಟೂ ಸಿಲಿಂಡರ್‌ನಲ್ಲಿ ಗಾಳಿ ದಟ್ಟವಾಗುತ್ತದೆ, ಕಿಡಿ ಹಾರುವುದು ಕಷ್ಟವಾಗುತ್ತದೆ. ಕಾಯಿಲ್ ಸೋತಿದ್ದರೆ ಅಥವಾ ಪ್ಲಗ್ ಗ್ಯಾಪ್ ಜಾಸ್ತಿ ಇದ್ದರೆ ಕಿಡಿ ಅಲ್ಲೇ ಆರಿಹೋಗುತ್ತದೆ.

ಎರಡನ್ನೂ ಬೇರೆ ಮಾಡಿ ನೋಡುವ ಸುಲಭ ದಾರಿ ಇದೆ. ಫ್ಲೋಟ್ ಮುಖ್ಯವಾಗಿ ಆರ್‌ಪಿಎಂ ಮೇಲೆ ನಿಂತಿದೆ. ಕಿಡಿಯ ತೊಂದರೆ ಲೋಡ್ ಮೇಲೆ ನಿಂತಿದೆ. ಎರಡನೇ ಗೇರಿನಲ್ಲಿ ಅರ್ಧ ಥ್ರಾಟಲ್‌ನಲ್ಲೇ ನಿಧಾನವಾಗಿ 6200ಕ್ಕೆ ಏರಿಸಿ. ಹಾಗೆ ಏರಿಸಿದಾಗ ಮುಗ್ಗರಿಸದಿದ್ದರೆ ಸ್ಪ್ರಿಂಗ್ ಮೇಲಿನ ಅನುಮಾನ ಬಹಳಷ್ಟು ಕಡಿಮೆಯಾಗುತ್ತದೆ. ಹುಮನಾಬಾದ್ ರಸ್ತೆಯಲ್ಲಿ ಬೆಳಗಿನ ಜಾವ, ರಸ್ತೆ ಖಾಲಿ ಇದ್ದಾಗ ಮಾಡಿ. ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಇನ್ನೊಬ್ಬರು ಕೂತಿರಲೇಬೇಕು. ವಿಸಿಡಿಎಸ್ ಕೇಬಲ್ (ಕಾರಿನ ಕಂಪ್ಯೂಟರನ್ನು ಲ್ಯಾಪ್‌ಟಾಪ್‌ನಲ್ಲಿ ಓದುವ ಸಾಧನ) ಇದ್ದರೆ ಅದರ ಬ್ಲಾಕ್ (ಅಂಕಿಗಳ ಪುಟ) 015 ಮತ್ತು 016ರಲ್ಲಿ ಯಾವ ಸಿಲಿಂಡರ್ ಮಿಸ್ ಆಗುತ್ತಿದೆ ಎಂದು ಕಾಣುತ್ತದೆ. 115ರಲ್ಲಿ ಕೇಳಿದ ಬೂಸ್ಟ್ ಮತ್ತು ಸಿಕ್ಕ ಬೂಸ್ಟ್ ಎರಡೂ ಇರುತ್ತವೆ. 020ರಲ್ಲಿ ಟೈಮಿಂಗ್ (ಕಿಡಿ ಹಾರಿಸುವ ಹೊತ್ತು) ಎಷ್ಟು ಹಿಂದೆ ಎಳೆದಿದೆ ಎಂದು ಗೊತ್ತಾಗುತ್ತದೆ. ಪ್ಲಗ್ ಗ್ಯಾಪ್ ಅಳೆದು 0.7 ಮಿ.ಮೀ.ಗೆ ತನ್ನಿ.

ಉತ್ತರ (ಯಾದಗಿರಿ)

ಅಣ್ಣ ಹೇಳಿದ್ದು ಸರಿ. ನಮ್ಮ ಕಡೆ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರುಗಳು ನಮ್ಮವು. ಈ ಕಾರಿನಲ್ಲಿ ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಚಿಕ್ಕದು. ಒಳಗೆ ಹೋಗುವ ಗಾಳಿ ಕಾದರೆ ಇಸಿಯು (ಎಂಜಿನ್ ಕಂಪ್ಯೂಟರ್) ಟೈಮಿಂಗ್ ಎಳೆದುಕೊಳ್ಳುತ್ತದೆ, ಎಳೆತ ಕಡಿಮೆಯಾಗುತ್ತದೆ. ಅದನ್ನೂ ಕ್ಯಾಮ್ ಮೇಲೆ ಹಾಕಬೇಡಿ. ಶಹಾಬಾದ್, ವಾಡಿ ಕಡೆ ಓಡಾಟ ಇದ್ದರೆ ಏರ್ ಫಿಲ್ಟರ್ ಬಿಚ್ಚಿ ನೋಡಿ. ಸಿಮೆಂಟ್ ಧೂಳು ಕೂತ ಫಿಲ್ಟರ್‌ನಿಂದಲೂ ಮೇಲಿನ ಆರ್‌ಪಿಎಂನಲ್ಲಿ ಗಾಡಿ ಸೊರಗುತ್ತದೆ.

ಪ್ರಶ್ನೆ ಕೇಳಿದವರು (ಕಲಬುರಗಿ)

ಅಣ್ಣಾ, ಲಾಗ್ ಸಿಕ್ಕಿತು. ಅರ್ಧ ಥ್ರಾಟಲ್‌ನಲ್ಲಿ 6200 ತನಕ ಒಂದು ಚೂರೂ ಮುಗ್ಗರಿಸಲಿಲ್ಲ. ಪೂರ್ತಿ ಒತ್ತಿದಾಗ ಮಿಸ್ ಎಲ್ಲ 4ನೇ ಸಿಲಿಂಡರ್‌ನಲ್ಲೇ. ಪ್ಲಗ್ ಗ್ಯಾಪ್ 1 ಮಿ.ಮೀ. ಹತ್ತಿರ ಇತ್ತು. 4ರ ಕಾಯಿಲ್ ತೆಗೆದು 2ಕ್ಕೆ ಹಾಕಿದೆ, ಮಿಸ್ 2ಕ್ಕೆ ಹೋಯಿತು. ಹೊಸ ಕಾಯಿಲ್ ಹಾಕಿ, ನಾಲ್ಕೂ ಪ್ಲಗ್ 0.7ಕ್ಕೆ ತಂದ ಮೇಲೆ ಮುಗ್ಗರಿಸುವುದು ನಿಂತಿದೆ.

ಆದರೂ 6000 ಆದ ಮೇಲೆ ಎಳೆತ ಇಳಿಯುತ್ತದೆ. ಬೂಸ್ಟ್ 1.1ರಿಂದ 0.7ಕ್ಕೆ ಬೀಳುತ್ತದೆ. ಇದಕ್ಕಾದರೂ ಕ್ಯಾಮ್ ಬೇಕಲ್ವಾ?

ಉತ್ತರ (ಬೀದರ್)

ಬಹಳ ಖುಷಿಯಾಯಿತು. ಕಾಯಿಲ್ ಅದಲುಬದಲು ಮಾಡಿ ನೋಡಿದ್ದು ಸರಿಯಾದ ಕ್ರಮ. ಈಗ ಉಳಿದಿರುವುದು ಟರ್ಬೊದ ಮಿತಿ. ಈ ಕಾರಿಗೆ ಕಂಪನಿ ಕೊಟ್ಟ 150 ಪಿಎಸ್ ಸಿಗುವುದೇ 5700ರಲ್ಲಿ. ಆ ಕೆ03 ಜಾತಿಯ ಚಿಕ್ಕ ಟರ್ಬೊ ಬೇಗ ಬೂಸ್ಟ್ ಕೊಡುತ್ತದೆ, ಮೇಲೆ ಉಸಿರು ಸಾಲದು. ಬ್ಲಾಕ್ 002ರಲ್ಲಿ ಗಾಳಿಯ ಲೆಕ್ಕ ನೋಡಿ. 150 ಪಿಎಸ್‌ಗೆ ಸೆಕೆಂಡಿಗೆ ಸುಮಾರು 120 ಗ್ರಾಂ ಬೇಕು. ಆರ್‌ಪಿಎಂ ಏರಿದರೂ ಆ ಅಂಕಿ ಏರದೆ ನಿಂತರೆ ಗಾಳಿ ತಡೆಯುತ್ತಿರುವುದು ಟರ್ಬೊ, ಕ್ಯಾಮ್ ಅಲ್ಲ.

ಚಿಕ್ಕ ಟರ್ಬೊಗೆ ದೊಡ್ಡ ಕ್ಯಾಮ್ ಹಾಕಿದರೆ ನಷ್ಟವೇ ಜಾಸ್ತಿ. ಎಕ್ಸಾಸ್ಟ್ ಗ್ಯಾಸ್ ಚಿಕ್ಕ ಟರ್ಬೈನ್‌ನಲ್ಲಿ ನುಗ್ಗಿ ಹೋಗಬೇಕಲ್ವಾ, ಅದಕ್ಕೆ ಎಂಜಿನ್‌ನಿಂದ ಟರ್ಬೊಗೆ ಹೋಗುವ ಪೈಪಿನಲ್ಲಿ, ಅಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿ ಒತ್ತಡ ಕಟ್ಟುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಅದು ಬೂಸ್ಟ್‌ಗಿಂತ ಬಹಳ ಮೇಲಿರುತ್ತದೆ. ಆಗ ಗಾಳಿ ಒಳಬರುವ ಇನ್‌ಟೇಕ್ ವಾಲ್ವ್, ಸುಟ್ಟ ಗ್ಯಾಸ್ ಹೋಗುವ ಎಕ್ಸಾಸ್ಟ್ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು, ಅಂದರೆ ಓವರ್‌ಲ್ಯಾಪ್, ಜಾಸ್ತಿ ಇದ್ದರೆ ಸುಟ್ಟ ಗ್ಯಾಸ್ ವಾಪಸ್ ಸಿಲಿಂಡರ್‌ಗೆ ಬರುತ್ತದೆ. ಹೊಸ ಗಾಳಿಗೆ ಜಾಗ ಇರುವುದಿಲ್ಲ. ಬಿಸಿ ಏರುತ್ತದೆ, ನಾಕಿಂಗ್ (ಇಂಧನ ತಾನಾಗಿ ಸಿಡಿದು ಬಡಿಯುವುದು) ಶುರುವಾಗುತ್ತದೆ.

ಓವರ್‌ಲ್ಯಾಪ್ ನೀವೇ ಲೆಕ್ಕ ಹಾಕಬಹುದು. ಇನ್‌ಟೇಕ್ ಮತ್ತು ಎಕ್ಸಾಸ್ಟ್ ವಾಲ್ವ್ ತೆರೆದಿರುವ ಅವಧಿ, ಅಂದರೆ ಡ್ಯುರೇಷನ್‌ಗಳ ಸರಾಸರಿ ತೆಗೆದುಕೊಳ್ಳಿ. ಅದರಿಂದ ಎರಡು ಕ್ಯಾಮ್‌ಗಳ ಉಬ್ಬುಗಳ ತುದಿಗಳ ನಡುವಿನ ಕೋನದ, ಅಂದರೆ ಲೋಬ್ ಸೆಪರೇಷನ್‌ನ ಎರಡರಷ್ಟು ಕಳೆಯಿರಿ. 272 ಡಿಗ್ರಿ, ಸೆಪರೇಷನ್ 110 ಇದ್ದರೆ 272 − 220 = 52 ಡಿಗ್ರಿ. 256 ಡಿಗ್ರಿ, ಸೆಪರೇಷನ್ 114 ಇದ್ದರೆ 256 − 228 = 28 ಡಿಗ್ರಿ. ಹೆಚ್ಚುಕಡಿಮೆ ಅರ್ಧ! ಡ್ಯುರೇಷನ್ ವಾಲ್ವ್ ಎತ್ತುವ ಯಾವ ಅಳತೆಯಲ್ಲಿ, ಅಂದರೆ ಯಾವ ಲಿಫ್ಟ್‌ನಲ್ಲಿ ಅಳೆದದ್ದು ಎಂದು ಕ್ಯಾಮ್ ಜೊತೆ ಕೊಡುವ ಅಳತೆಯ ಕಾರ್ಡ್‌ನಲ್ಲಿ ನೋಡಿ. ಒಬ್ಬರು 1 ಮಿ.ಮೀ.ನಲ್ಲಿ ಅಳೆಯುತ್ತಾರೆ, ಇನ್ನೊಬ್ಬರು 0.1ರಲ್ಲಿ. ಎರಡನ್ನೂ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ನಿಮಗೆ ಸಿಗುತ್ತಿರುವ ಆ ಬಳಸಿದ ಸೆಟ್‌ಗೆ ಕಾರ್ಡ್ ಇಲ್ಲದಿದ್ದರೆ ಬೇಡವೇ ಬೇಡ.

ಸ್ಪ್ರಿಂಗ್ ವಿಷಯ ಬೇರೆ. ದೊಡ್ಡ ಟರ್ಬೊ ಹಾಕಿದರೆ ಅದು ಬೇಕೇ ಬೇಕು. ಈ ಸಿಲಿಂಡರ್ ಹೆಡ್‌ನ ಇನ್‌ಟೇಕ್ ವಾಲ್ವ್ ಸುಮಾರು 27 ಮಿ.ಮೀ. ಅಗಲ. 1.1 ಬಾರ್ ಬೂಸ್ಟ್ ಅದನ್ನು ಸುಮಾರು 6.4 ಕೆ.ಜಿ. ಬಲದಿಂದ ಅದು ಮುಚ್ಚಿದಾಗ ಕೂರುವ ಸೀಟ್‌ನಿಂದ ತಳ್ಳುತ್ತದೆ. 1.6 ಬಾರ್ ಆದರೆ 9 ಕೆ.ಜಿ. ದಾಟುತ್ತದೆ. ಎಕ್ಸಾಸ್ಟ್ ವಾಲ್ವ್ ಸುಮಾರು 30 ಮಿ.ಮೀ. ಮ್ಯಾನಿಫೋಲ್ಡ್‌ನಲ್ಲಿ 2 ಬಾರ್ ಇದ್ದರೆ 14 ಕೆ.ಜಿ. ಅಷ್ಟೂ ಬಲ ಸ್ಪ್ರಿಂಗ್‌ನ ಸೀಟ್ ಒತ್ತಡದಿಂದ ಕಳೆದುಹೋಗುತ್ತದೆ. ಹಾಗಂತ ಸಿಕ್ಕಾಪಟ್ಟೆ ಗಟ್ಟಿ ಸ್ಪ್ರಿಂಗ್ ಹಾಕಬೇಡಿ. ಇದರಲ್ಲಿ ಕ್ಯಾಮ್ ಮತ್ತು ವಾಲ್ವ್ ನಡುವೆ ಇರುವುದು ಆಯಿಲ್ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಬಕೆಟ್ ಲಿಫ್ಟರ್. ಕ್ಯಾಮ್ ಲೋಬ್ ಮತ್ತು ಲಿಫ್ಟರ್ ಎರಡೂ ಸವೆಯುತ್ತವೆ. ಸೂಪರ್‌ಟೆಕ್, ಫೆರಿಯಾದಂಥ ಕಂಪನಿಗಳ ಸ್ಪ್ರಿಂಗ್ ಸಿಗುತ್ತದೆ. ರಿಟೇನರ್ (ಸ್ಪ್ರಿಂಗ್ ಹಿಡಿದಿಡುವ ತಟ್ಟೆ) ಸಮೇತ ಒಂದೇ ಕಡೆಯದು ತಗೊಳ್ಳಿ. ಕ್ಯಾಮ್‌ಗೆ ಶ್ರಿಕ್, ಕ್ಯಾಟ್ ಕ್ಯಾಮ್ಸ್ ನೋಡಿ.

ಪ್ರಶ್ನೆ ಕೇಳಿದವರು (ಕಲಬುರಗಿ)

ಹಾಗಾದರೆ ಮೊದಲು ಟರ್ಬೊ, ಆಮೇಲೆ ಸ್ಪ್ರಿಂಗ್, ಕೊನೆಗೆ ಕ್ಯಾಮ್?

ಉತ್ತರ (ಬೀದರ್)

ಟರ್ಬೊ ಮತ್ತು ಸ್ಪ್ರಿಂಗ್ ಒಟ್ಟಿಗೆ. ಕ್ಯಾಮ್ ಅದಾದ ಮೇಲೆ. ಅಷ್ಟರೊಳಗೆ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ಒಂದು ಚಿಕ್ಕ ನಟ್ ವೆಲ್ಡ್ ಮಾಡಿಸಿ. ಉದ್ದನೆ ತಾಮ್ರದ ಪೈಪ್ ಹಾಕಿ ಗೇಜ್ ಜೋಡಿಸಿ. ಪೈಪ್ ಉದ್ದ ಇದ್ದರೆ ಗೇಜ್ ಸುಡುವುದಿಲ್ಲ. ಅಲ್ಲಿನ ಒತ್ತಡ ಬೂಸ್ಟ್‌ನ ಒಂದೂವರೆ ಪಟ್ಟಿನೊಳಗೆ ಇದ್ದರೆ ಸ್ವಲ್ಪ ದೊಡ್ಡ ಕ್ಯಾಮ್ ಯೋಚಿಸಬಹುದು. ಎರಡು ಪಟ್ಟು ದಾಟಿದರೆ ಕಂಪನಿಯ ಕ್ಯಾಮ್‌ನಲ್ಲೇ ಇರಿ.

ಕ್ಯಾಮ್ ಹಾಕುವ ದಿನಕ್ಕೆ ಇಷ್ಟು ನೆನಪಿರಲಿ. ಬೆಲ್ಟ್ ತಿರುಗಿಸುವುದು ಎಕ್ಸಾಸ್ಟ್ ಕ್ಯಾಮನ್ನು. ಅಲ್ಲಿಂದ ಹಿಂದೆ ಒಂದು ಚೈನ್ ಇನ್‌ಟೇಕ್ ಕ್ಯಾಮ್‌ಗೆ ಹೋಗುತ್ತದೆ. ಎರಡು ಕ್ಯಾಮ್‌ಗಳ ಗುರುತುಗಳ ನಡುವೆ ಚೈನಿನ 16 ರೋಲರ್ ಇರಬೇಕು. ಒಂದು ಹಲ್ಲು ತಪ್ಪಿದರೂ ವಾಲ್ವ್ ಟೈಮಿಂಗ್ ಹೋಯಿತು. ವಾಲ್ವ್ ಮತ್ತು ಪಿಸ್ಟನ್ ನಡುವಿನ ಜಾಗ ಜೇಡಿಮಣ್ಣು ಇಟ್ಟು ಅಳೆಯುವಾಗ ಹೈಡ್ರಾಲಿಕ್ ಲಿಫ್ಟರ್ ಕುಸಿದು ತಪ್ಪು ಅಳತೆ ಕೊಡುತ್ತದೆ, ಅಳತೆಗೆ ಮಾತ್ರ ಗಟ್ಟಿ ಲಿಫ್ಟರ್ ಹಾಕಿಸಿ. ಎಲ್ಲ ಜೋಡಿಸಿದ ಕೂಡಲೇ ಸ್ಟಾರ್ಟ್ ಮಾಡಬೇಡಿ. ಅರ್ಧ ಗಂಟೆ ಬಿಡಿ, ಆಮೇಲೆ ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ. ಲಿಫ್ಟರ್ ಇಳಿಯದೆ ಸ್ಟಾರ್ಟ್ ಮಾಡಿದರೆ ವಾಲ್ವ್ ಪಿಸ್ಟನ್‌ಗೆ ಬಡಿಯಬಹುದು.

ಚೈನ್ ಟೆನ್ಷನರ್‌ನ ಪ್ಲಾಸ್ಟಿಕ್ ಪ್ಯಾಡ್ ಇಷ್ಟು ಹಳೆ ಕಾರಿನಲ್ಲಿ ಸವೆದಿರುತ್ತದೆ. ವಾಲ್ವ್ ಕವರ್ ಬಿಚ್ಚಿದಾಗ ಅದರ ಫೋಟೊ ಹಾಕಿ, ನೋಡಿ ಹೇಳುತ್ತೇನೆ.