ವಿಂಡೋಸ್ ಎಕ್ಸ್‌ಪಿಯಲ್ಲಿ ಪೂರ್ತಿ ಫಾರ್ಮ್ಯಾಟ್ ಮಾಡಿದರೂ ಫೋಟೋಗಳು ವಾಪಸ್ ಬರುತ್ತಿವೆ!

ಹಳೇಪೆಂಟಿಯಂ:
ಮನೆಯಲ್ಲಿ 2005ರ ಪೆಂಟಿಯಂ 4 ಇದೆ. 512 ಎಂಬಿ ರ‍್ಯಾಮ್, 80 ಜಿಬಿ ಐಡಿಇ ಡಿಸ್ಕ್. ಗುಜರಿಗೆ ಹಾಕಬೇಕು. ಅಪ್ಪನ ಪಿಂಚಣಿ ಕಾಗದ, ಪಾಸ್‌ಬುಕ್ ಸ್ಕ್ಯಾನ್, ಮದುವೆ ಫೋಟೋ ಎಲ್ಲ ಅದರಲ್ಲೇ ಇದ್ದವು. ಎಕ್ಸ್‌ಪಿ ಸಿಡಿ ಹಾಕಿ ಫಾರ್ಮ್ಯಾಟ್ ಮಾಡಿದೆ. ಕ್ವಿಕ್ ಅಲ್ಲ, ಪೂರ್ತಿಯದೇ. ಅರ್ಧ ಗಂಟೆಗೂ ಜಾಸ್ತಿ ಹಿಡಿಯಿತು. ಆಮೇಲೆ ಡಿಸ್ಕ್ ಬಿಚ್ಚಿ, ಯುಎಸ್‌ಬಿ ಅಡಾಪ್ಟರ್‌ನಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಸುಮ್ನೆ ರೆಕುವಾ (ಅಳಿಸಿದ ಫೈಲ್ ಹುಡುಕಿ ಕೊಡುವ ಸಾಫ್ಟ್‌ವೇರ್) ಓಡಿಸಿದರೆ ಫೋಟೋಗಳು ಸಾಲಾಗಿ ಬಂದು ಕೂತಿವೆ! 35 ಸಲ ಒರೆಸಬೇಕು ಅಂತ ಗೆಳೆಯ ಹೇಳುತ್ತಾನೆ. ಹೌದಾ?

ತಿರುಪುಳಿ:
ನಿಮ್ಮ ತಪ್ಪೇನಿಲ್ಲ. ಎಕ್ಸ್‌ಪಿ ಅಷ್ಟು ಹೊತ್ತು ಮಾಡುವುದು ಬ್ಯಾಡ್ ಸೆಕ್ಟರ್, ಅಂದರೆ ಡಿಸ್ಕಿನಲ್ಲಿ ಕೆಟ್ಟುಹೋದ ಜಾಗ ಹುಡುಕುವ ಕೆಲಸ. ಡಿಸ್ಕನ್ನು ಓದುತ್ತಾ ಹೋಗುತ್ತದೆ, ಹಳೆಯದರ ಮೇಲೆ ಏನೂ ಬರೆಯುವುದಿಲ್ಲ. ಪೂರ್ತಿ ಫಾರ್ಮ್ಯಾಟ್‌ನಲ್ಲಿ ಸೊನ್ನೆ ತುಂಬುವುದು ಶುರುವಾಗಿದ್ದು ಎಕ್ಸ್‌ಪಿಯ ನಂತರ ಬಂದ ವಿಸ್ಟಾದಿಂದ.

35ರ ಕಥೆ ಕಂಪ್ಯೂಟರ್ ವಿಜ್ಞಾನಿ ಪೀಟರ್ ಗಟ್‌ಮನ್ 1996ರಲ್ಲಿ ಬರೆದ ಪ್ರಬಂಧದ್ದು. ಆ ಕಾಲದ ಬೇರೆ ಬೇರೆ ನಮೂನೆಯ ಡಿಸ್ಕ್‌ಗಳಿಗೆ ಬೇರೆ ಬೇರೆ ವಿಧಾನ ಅವು. ಎಲ್ಲವನ್ನೂ ಒಂದೇ ಡಿಸ್ಕಿಗೆ ಹಾಕುವುದರಲ್ಲಿ ಅರ್ಥವಿಲ್ಲ ಅಂತ ಅವರೇ ಆಮೇಲೆ ಹೇಳಿದ್ದಾರೆ. ನಿಮ್ಮದಕ್ಕೆ ಒಂದು ಸಲ ಸೊನ್ನೆ ತುಂಬಿದರೆ ಸಾಕು.

ಡಿಸ್ಕನ್ನು ಹಳೇ ಕಂಪ್ಯೂಟರಿಗೇ ಮತ್ತೆ ಹಾಕಿ. ಡೀಬ್ಯಾನ್ (ಡಿಸ್ಕ್ ಒರೆಸುವ ಸಾಫ್ಟ್‌ವೇರ್) ಸಿಡಿ ಬರೆದು ಅದರಿಂದ ಬೂಟ್ ಮಾಡಿ, 512 ಎಂಬಿ ಧಾರಾಳ ಆಯಿತು. ಅದಕ್ಕೂ ಮೊದಲು ಪೆನ್‌ಡ್ರೈವ್, ಬ್ಯಾಕಪ್ ಡಿಸ್ಕ್ ಎಲ್ಲ ಕಿತ್ತುಬಿಡಿ. ಮೊದಲ ಪರದೆಯಲ್ಲಿ 'ಆಟೋನ್ಯೂಕ್' ಅಂತ ಕಾಣುತ್ತದೆ, ಅದರ ಸಹವಾಸ ಬೇಡ. ಸಿಕ್ಕ ಡಿಸ್ಕನ್ನೆಲ್ಲ ಕೇಳದೆ ಒರೆಸುತ್ತದೆ. ಸುಮ್ನೆ ಎಂಟರ್ ಒತ್ತಿ. ಡಿಸ್ಕ್ ಪಟ್ಟಿ ಬಂದಾಗ 80 ಜಿಬಿಯದೇ ಹೌದಾ ಅಂತ ನೋಡಿ ಸ್ಪೇಸ್ ಒತ್ತಿದರೆ ಪಕ್ಕದಲ್ಲಿ 'ವೈಪ್' ಅಂತ ಬೀಳುತ್ತದೆ. ಎಂ ಒತ್ತಿ 'ಕ್ವಿಕ್ ಇರೇಸ್' ಆರಿಸಿ. ಹೆಸರು ನೋಡಿ ಅನುಮಾನ ಬೇಡ, ಇಡೀ ಡಿಸ್ಕಿಗೆ ಸೊನ್ನೆ ಬರೆಯುತ್ತದೆ. ಎಫ್10 ಒತ್ತಿ ಊಟಕ್ಕೆ ಹೋಗಿ.

ಲ್ಯಾಪ್‌ಟಾಪಿನಲ್ಲಿ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್‌ನ ಡ್ರೈವ್) ಇದ್ದರೆ ಅದಕ್ಕೆ ಈ ದಾರಿ ಆಗುವುದಿಲ್ಲ. ಅಲ್ಲಿ ಎಲ್ಲಿ ಬರೆಯಬೇಕು ಅನ್ನುವುದನ್ನು ಡ್ರೈವೇ ತೀರ್ಮಾನಿಸುತ್ತದೆ, ಹಳೆಯದು ಒಳಗೇ ಉಳಿಯಬಹುದು. ತನ್ನನ್ನು ತಾನೇ ಒರೆಸಿಕೊ ಅಂತ ಡ್ರೈವಿಗೇ ಹೇಳುವ ಸೆಕ್ಯೂರ್ ಇರೇಸ್ ಆಜ್ಞೆಯೇ ಬೇಕು.

ಹಳೇಪೆಂಟಿಯಂ:
ಮುಗಿಯಿತು, ರೆಕುವಾಗೆ ಒಂದು ಫೈಲೂ ಸಿಗಲಿಲ್ಲ. ಅಟ್ಟದ ಡಬ್ಬಿಯಲ್ಲಿ ಇನ್ನೊಂದು 40 ಜಿಬಿ ಡಿಸ್ಕ್ ಸಿಕ್ಕಿದೆ. ಟಕ್ ಟಕ್ ಅನ್ನುತ್ತದೆ ಅಷ್ಟೇ, ಬಯಾಸ್‌ನಲ್ಲೂ (ಕಂಪ್ಯೂಟರ್ ಶುರುವಾಗುವಾಗ ಬರುವ ಸೆಟಪ್) ಕಾಣುವುದಿಲ್ಲ.

ತಿರುಪುಳಿ:
ಕಾಣದ ಡಿಸ್ಕಿಗೆ ಸಾಫ್ಟ್‌ವೇರ್ ಏನು ಮಾಡೀತು? ಟಿ8 ನಕ್ಷತ್ರದ ಬಿಟ್ ತಂದು ಮುಚ್ಚಳ ಬಿಚ್ಚಿ. ಒಂದು ಸ್ಕ್ರೂ ಸ್ಟಿಕರ್ ಕೆಳಗೆ ಅಡಗಿರುತ್ತದೆ, ಸುಮ್ನೆ ಮೀಟಬೇಡಿ. ತಟ್ಟೆಗಳಿಗೆ ಡ್ರಿಲ್ಲಿನಲ್ಲಿ ನಾಲ್ಕೈದು ತೂತು ಹೊಡೆದು, ಮೇಲ್ಮೈಯನ್ನು ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಿ. ಕಣ್ಣಿಗೆ ಕನ್ನಡಕ ಇರಲಿ. ಲ್ಯಾಪ್‌ಟಾಪ್ ಡಿಸ್ಕ್ ಆಗಿದ್ದರೆ ಡ್ರಿಲ್ ಬೇಡ ಅನ್ನುತ್ತಿದ್ದೆ, ಅವುಗಳ ತಟ್ಟೆ ಸಾಮಾನ್ಯವಾಗಿ ಗಾಜಿನದು, ಸಿಡಿಯುತ್ತದೆ. ಒಳಗಿನ ಅಯಸ್ಕಾಂತ ಮಾತ್ರ ಬಿಸಾಡಬೇಡಿ. ನಮ್ಮ ಫ್ರಿಜ್ ಮೇಲೆ ಕರೆಂಟ್ ಬಿಲ್ ಹಿಡಿದಿರುವುದು ಅಂಥದ್ದೇ.